ಹೆದ್ದಾರಿಯ ವೇಗವೂ ನನ್ನ ಹೆದರಿಕೆಯೂ



ಮೇಷ್ಟರ ಕಸುಬಿನಲ್ಲಿ ಸಂಬಳದ ಜೊತೆಗೆ ದೊರೆಯುವ ಒಂದು ಲಾಭವೆಂದರೆ ಉತ್ತರಪತ್ರಿಕೆಗಳ ವಿನೋದ. ಒಮ್ಮೆ ಒಂಬತ್ತನೆಯ ತರಗತಿಗೆ ‘ಹೆದ್ದಾರಿ’ ಎಂಬ ಪದವನ್ನು ಬಿಡಿಸಿ ಬರೆದು ಸಮಾಸವನ್ನು ಹೆಸರಿಸಿರಿ ಎಂದು ಕೇಳಿದ್ದೆ. ಹಿರಿದು ದಾರಿ ಹೆದ್ದಾರಿ, ಕರ್ಮಧಾರಯ ಸಮಾಸ ಎಂಬುದು ಸರಿಯುತ್ತರ. ಹಿಂದಿನ ಬೆಂಚಿನ ಹುಡುಗನೊಬ್ಬ ‘ಹೆದರಿ + ದಾರಿ = ಹೆದ್ದಾರಿ; ಹೆದರಿಕೊಂಡು ಹೋಗುವ ದಾರಿ’ ಎಂದು ಬರೆದಿದ್ದ. ಸೊನ್ನೆ ಹಾಕಲು ಕೆಂಪು ಲೇಖನಿ ಎತ್ತಿದವನು ಒಂದು ಕ್ಷಣ ಹಾಗೆಯೆ ಕುಳಿತುಬಿಟ್ಟೆ. ವ್ಯಾಕರಣಕ್ಕೆ ತಪ್ಪಾದ ಆ ಉತ್ತರ ನನ್ನ ಪಾಲಿಗೆ ಸಂಪೂರ್ಣವಾಗಿ ನಿಜವಾಗಿತ್ತು. ಅಂದು ಬೆಳಗ್ಗೆ ನಾನು ಶಾಲೆಗೆ ಬಂದದ್ದೇ ಹೆದ್ದಾರಿಗೆ ಹೆದರಿ, ಹಳ್ಳಿಯ ಹಾದಿಗಳಲ್ಲಿ ಸುತ್ತು ಹಾಕಿಕೊಂಡು.

ಹೆದ್ದಾರಿಯ ವೇಗದಲ್ಲಿ ಮೋಟಾರು ಸೈಕಲ್ಲು ಓಡಿಸಲು ನನಗಿದ್ದ ಅಂಜಿಕೆ ಎಂತಹದು, ಅದನ್ನು ನಾನು ಯಾವ ಬಗೆಯಲ್ಲಿ ನೀಗಿಕೊಂಡೆ ಎಂಬುದೇ ಇಂದಿನ ಮಾತು. ಕನ್ನಡ ಪಂಡಿತನಿಗೂ ಮೋಟಾರು ಸೈಕಲ್ಲಿಗೂ ಏನು ಸಂಬಂಧವೆಂದು ನೀವು ನಗಬಹುದು. ನಗಿರಿ, ಚಿಂತೆಯಿಲ್ಲ. ಆದರೆ ನನ್ನಂತೆ ಐವತ್ತು ದಾಟಿದ ಮೇಲೆ ಹೆದ್ದಾರಿಗಿಳಿದು, ಬಾಯಿಬಿಟ್ಟು ಹೇಳಲು ನಾಚಿಕೊಂಡು, ಒಳಗೊಳಗೇ ನಡುಗುವವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಈ ಮಾತು ಉಪಯೋಗವಾದರೆ ನನ್ನ ಶ್ರಮ ಸಾರ್ಥಕ.

ಚಿಕ್ಕಂದಿನಲ್ಲಿ ನನಗೆ ಈ ಅಂಜಿಕೆ ಇರಲಿಲ್ಲ. ನನ್ನ ಸೋದರಮಾವನ ಬಳಿ ಒಂದು ಯೆಜ್ದಿ ಇತ್ತು. ಮೈಸೂರಿನ ಕಾರ್ಖಾನೆಯೊಂದರಲ್ಲಿ ೧೯೬೧ರಿಂದ ಜಾವಾ ಎಂಬ ಹೆಸರಿನಲ್ಲಿಯೂ ಮುಂದೆ ಯೆಜ್ದಿ ಎಂಬ ಹೆಸರಿನಲ್ಲಿಯೂ ತಯಾರಾಗಿ, ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ನಾಡಿನ ರಸ್ತೆಗಳಲ್ಲಿ ಗುಡುಗಿದ ಗಾಡಿ ಅದು. ಅದರಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಒದ್ದು ಚಾಲೂ ಮಾಡಿ, ಅದನ್ನೇ ಮುಂದಕ್ಕೆ ಮಡಿಸಿ ಗೇರು ಬದಲಿಸಬೇಕು. ಮಾವ ನನ್ನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ನನಗೆ ಸಂತೋಷವೋ ಸಂತೋಷ. ಆ ಧೈರ್ಯ ನನ್ನದಾಗಿರಲಿಲ್ಲ, ನನ್ನ ಎರಡೂ ಪಕ್ಕದಲ್ಲಿದ್ದ ಮಾವನ ತೋಳುಗಳದಾಗಿತ್ತು ಎಂಬುದು ತಿಳಿಯಲು ನನಗೆ ನಲವತ್ತು ವರ್ಷಗಳು ಬೇಕಾದುವು.

ಹದಿನೆಂಟು ವರ್ಷ ನಾನು ಚಿತ್ರದುರ್ಗದ ಊರೊಳಗೆ ಸ್ಕೂಟರಿನಲ್ಲಿ ಓಡಾಡಿದವನು. ಮನೆ, ಶಾಲೆ, ಸಂತೆ, ಗ್ರಂಥಾಲಯ, ಮೂವತ್ತರ ವೇಗ. ೨೦೨೩ರ ಜೂನ್ ತಿಂಗಳಲ್ಲಿ ಹಿರಿಯೂರಿನ ಕಡೆಯ ಒಂದು ಪ್ರೌಢಶಾಲೆಗೆ ನನಗೆ ವರ್ಗವಾಯಿತು. ಐಮಂಗಲ ದಾಟಿ ಹೋಗಬೇಕು. ದಿನಕ್ಕೆ ಹೋಗಿಬರುವುದೆಂದರೆ ಅರವತ್ತು ಕಿಲೋಮೀಟರಿಗೂ ಮಿಗಿಲು. ದಾರಿಯೋ, ಮೊದಲು ನಾಲ್ಕನೆಯ ನಂಬರಿನದೆಂದು ಹೆಸರಾಗಿದ್ದು ಈಗ ನಲವತ್ತೆಂಟನೆಯ ನಂಬರಿನದಾಗಿರುವ ರಾಷ್ಟ್ರೀಯ ಹೆದ್ದಾರಿ, ಹಳಬರ ಮಾತಿನಲ್ಲಿ ಪೂನಾ–ಬೆಂಗಳೂರು ರಸ್ತೆ. ಸ್ಕೂಟರನ್ನು ಮಾರಿ ನೂರೈವತ್ತು ಸಿ. ಸಿ.ಯ ಮೋಟಾರು ಸೈಕಲ್ಲೊಂದನ್ನು ಕೊಂಡೆ. ಗಾಡಿ ಒಳ್ಳೆಯದೆ. ಕೊರತೆಯಿದ್ದದ್ದು ಅದರ ಮೇಲೆ ಕುಳಿತವನಲ್ಲಿ.

ನಮ್ಮ ದುರ್ಗದ ಸೀಮೆಯನ್ನು ನೋಡಿದವರಿಗೆ ಗೊತ್ತು: ಬೆಟ್ಟಗಳ ಸಾಲಿನ ಮೇಲೆಲ್ಲ ಬಿಳಿಯ ಗಾಳಿಯಂತ್ರಗಳು ನಿಂತಿವೆ. ಮಕ್ಕಳು ಅವನ್ನು ‘ಫ್ಯಾನು’ ಎನ್ನುತ್ತಾರೆ. ಅವುಗಳನ್ನು ಅಲ್ಲಿ ನಿಲ್ಲಿಸಿರುವುದು ಶೋಭೆಗಾಗಿ ಅಲ್ಲ. ಆ ನೆಲದಲ್ಲಿ ಗಾಳಿ ಬಲವಾಗಿ ಬೀಸುತ್ತದೆಂದೇ. ಆಷಾಢದಲ್ಲಿ ನೈರುತ್ಯದ ಗಾಳಿ ಎದ್ದರೆ ಹೊಲದಲ್ಲಿ ನಿಂತ ಮನುಷ್ಯನ ಹೆಗಲ ಮೇಲಿನ ವಸ್ತ್ರ ನಿಲ್ಲದು. ಹೆದ್ದಾರಿ ಚಿತ್ರದುರ್ಗದಿಂದ ಹಿರಿಯೂರಿಗೆ ಆಗ್ನೇಯ ದಿಕ್ಕಾಗಿ ಇಳಿಯುವುದರಿಂದ ಬೆಳಗ್ಗೆ ಶಾಲೆಗೆ ಹೋಗುವಾಗ ಈ ಗಾಳಿ ಬಲಪಕ್ಕಕ್ಕೆ ಬಂದು ಹೊಡೆಯುತ್ತದೆ. ಓಡಿಸುವವನು ತನಗೇ ತಿಳಿಯದಂತೆ ಗಾಡಿಯನ್ನು ಬಲಕ್ಕೆ ತುಸು ವಾಲಿಸಿಕೊಂಡು, ಗಾಳಿಗೆ ಒರಗಿಕೊಂಡೇ ಹೋಗುತ್ತಿರುತ್ತಾನೆ.

ಆ ಜುಲೈ ತಿಂಗಳ ಒಂದು ಬೆಳಗ್ಗೆ ನಾನು ಹಾಗೆ ಹೋಗುತ್ತಿದ್ದಾಗ ಉದ್ದನೆಯ ಕಂಟೇನರ್ ಲಾರಿಯೊಂದು ಬಲಗಡೆಯಿಂದ ನನ್ನನ್ನು ಹಿಂದೆ ಹಾಕಿತು. ಅದರ ಮೂತಿ ಪಕ್ಕಕ್ಕೆ ಬಂದಾಗ ಒಂದು ನೂಕು. ಗಾಡಿ ಎಡಕ್ಕೆ ಸರಿಯಿತು. ಮರುಕ್ಷಣ ಲಾರಿಯ ಮೈ ಗೋಡೆಯಂತೆ ಗಾಳಿಗೆ ಅಡ್ಡ ನಿಂತಿತು. ನಾನು ಯಾವ ಗಾಳಿಗೆ ಒರಗಿದ್ದೆನೋ ಆ ಗಾಳಿಯೇ ಇಲ್ಲವಾಯಿತು. ಗಾಡಿ ಬಲಕ್ಕೆ, ಲಾರಿಯ ಚಕ್ರಗಳ ಕಡೆಗೇ, ವಾಲಿತು. ಲಾರಿ ದಾಟಿದೊಡನೆ ಅಡಗಿದ್ದ ಗಾಳಿ ಮತ್ತೆ ಬಂದು ಎಡಕ್ಕೆ ಎತ್ತಿ ಹಾಕಿತು. ಎಲ್ಲವೂ ಮೂರು ನಾಲ್ಕು ಸೆಕೆಂಡುಗಳ ಆಟ. ಬೀಳಲಿಲ್ಲ. ಹೇಗೆ ಬೀಳಲಿಲ್ಲ ಎಂಬುದು ಅಂದು ನನಗೆ ತಿಳಿಯಲಿಲ್ಲ. ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಮೈಲಿಗಲ್ಲಿನ ಮೇಲೆ ಕುಳಿತೆ.

ನಮ್ಮ ಅಲಂಕಾರ ಶಾಸ್ತ್ರದಲ್ಲಿ ಸಾತ್ವಿಕ ಭಾವಗಳು ಎಂಟು ಎಂದು ಹೇಳಿದ್ದಾರೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಮೂವತ್ತು ವರ್ಷ ಇವನ್ನು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅಂದು ಆ ಕಲ್ಲಿನ ಮೇಲೆ ಕುಳಿತಾಗ, ಮೂರ್ಛೆಯೆಂಬ ಪ್ರಳಯವೊಂದನ್ನುಳಿದು ಮಿಕ್ಕವೆಲ್ಲ ಒಟ್ಟಿಗೆ ನನ್ನ ಮೇಲೆ ಪ್ರಯೋಗವಾದುವು. ಶಾಲೆಗೆ ಹೋಗಿ ಹಾಜರಿ ಕೂಗುವಾಗ ಧ್ವನಿ ನಡುಗಿತು. ‘ಸಾರ್, ಜ್ವರವೇ?’ ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಹೌದಮ್ಮ ಎಂದೆ. ಮೇಷ್ಟರು ಸುಳ್ಳು ಹೇಳಬಾರದು, ಆದರೂ ಹೇಳಿದೆ.

ಅಂದಿನಿಂದ ನಾನು ಹೆದ್ದಾರಿಯನ್ನು ಬಿಟ್ಟೆ. ಸರ್ವಿಸ್ ರಸ್ತೆ ಇದ್ದಲ್ಲಿ ಸರ್ವಿಸ್ ರಸ್ತೆ, ಇಲ್ಲದಲ್ಲಿ ಹೊಲದ ನಡುವಣ ಹಾದಿ, ಅನಿವಾರ್ಯವಾದಲ್ಲಿ ಹೆದ್ದಾರಿಯ ಎಡತುದಿಯ ಬಿಳಿಗೆರೆಯ ಮೇಲೆ ನಲವತ್ತರ ವೇಗ. ಸುರಕ್ಷಿತವಾಗಿದ್ದೇನೆಂದು ನಾನು ತಿಳಿದಿದ್ದೆ. ನಿಜವೇನೆಂದರೆ, ಆ ಅಂಚಿನಲ್ಲಿಯೇ ಮರಳು, ಗಾಜಿನ ಚೂರು, ಕೆಟ್ಟು ನಿಂತ ಲಾರಿ, ತಪ್ಪುದಿಕ್ಕಿನಿಂದ ಎದುರಾಗಿ ಬರುವ ಮೋಟಾರು ಸೈಕಲ್ಲು. ಎಪ್ಪತ್ತರಲ್ಲಿ ಬರುವ ಲಾರಿಗಳ ಮುಂದೆ ನಲವತ್ತರಲ್ಲಿ ಹೋಗುವವನು ಹಿಂದಿನಿಂದ ಬರುವವನಿಗೆ ಹಠಾತ್ತಾಗಿ ಎದುರಾಗುವ ಅಡಚಣೆ. ಅಂಜಿಕೆ ನನ್ನನ್ನು ಅಪಾಯದಿಂದ ದೂರ ಒಯ್ದಿರಲಿಲ್ಲ, ಒಂದು ಅಪಾಯದಿಂದ ಬಿಡಿಸಿ ಇನ್ನೊಂದಕ್ಕೆ ಒಪ್ಪಿಸಿತ್ತು.

ಕೊನೆಗೆ ಗಾಡಿಯನ್ನೇ ಮನೆಯಲ್ಲಿ ಬಿಟ್ಟು ಬಸ್ಸಿಗೆ ಹೋಗತೊಡಗಿದೆ. ವೇಗದೂತ ಬಸ್ಸುಗಳು ಆ ಹಳ್ಳಿಯ ಬಳಿ ನಿಲ್ಲುವುದಿಲ್ಲ. ನಿಲ್ಲುವ ಬಸ್ಸಿಗೆ ಕಾದು ಮನೆ ಸೇರುವಾಗ ರಾತ್ರಿ ಎಂಟು. ಆ ತಿಂಗಳುಗಳಲ್ಲಿ ಮನೆಯವರು ಮಗಳ ಬಾಣಂತನಕ್ಕೆಂದು ಪರ ಊರಿನಲ್ಲಿದ್ದರು. ಮನೆಯಲ್ಲಿದ್ದವರು ನಾನು ಮತ್ತು ಎಂಬತ್ತು ದಾಟಿದ ನನ್ನ ತಾಯಿ. ಅವರಿಗೆ ಸಕ್ಕರೆ ಕಾಯಿಲೆ. ಸಂಜೆ ಊಟಕ್ಕೆ ಮೊದಲು ಇನ್ಸುಲಿನ್ ಸೂಜಿಮದ್ದು ಹಾಕಬೇಕು. ಅವರ ಕಣ್ಣಿಗೆ ಆ ಸಣ್ಣ ಅಂಕಿಗಳು ಕಾಣವು. ಒಂದು ಸಂಜೆ ಬಸ್ಸು ಬರಲೇ ಇಲ್ಲ. ಮನೆಗೆ ಬಂದಾಗ ಒಂಬತ್ತು ಹೊಡೆದಿತ್ತು. ತಾಯಿ ಮುದ್ದೆಯ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ, ಅದರ ಮುಂದೆ ಗೋಡೆಗೆ ಒರಗಿ ಕುಳಿತಿದ್ದರು. ಮದ್ದು ಹಾಕದೆ ಉಣ್ಣಬಾರದೆಂದು ನಾನೇ ಹೇಳಿದ್ದೆ, ಅವರು ಉಂಡಿರಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದು ರಾತ್ರಿ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಲಾರಿಯ ವಿಷಯವನ್ನು ಕೇಳಲಿಲ್ಲ. ‘ಹ್ಯಾಂಡ್ಲು ಬಿಗಿಯಾಗಿ ಹಿಡ್ಕಂಡಿದ್ದೇನಪ್ಪ?’ ಎಂದರು. ಹೌದೆಂದೆ. ‘ನಮ್ಮಪ್ಪ ಗಾಡಿ ಹೊಡೆಯಾಗ ಹೇಳ್ತಿದ್ದ. ಹಗ್ಗ ಜಗ್ಗಿ ಹಿಡಿದ್ರೆ ಮೂಗುದಾರ ಬಿಗಿದು ಎತ್ತು ಬೆದರ್ತೈತೆ. ಹೊಡೆಯೋನು ಬೆದರ್ಯಾನೆ ಅಂತ ಎತ್ತಿಗೆ ಹಗ್ಗದಾಗೆ ಗೊತ್ತಾಗ್ತೈತೆ. ನೀನು ಹೆದರ್ಕಂಡು ಗಾಡೀಲಿ ಬರಬ್ಯಾಡ. ಹೆದರ್ಕಂಡು ಬರಂಗಿದ್ರೆ ಬಸ್ಸಿಗೆ ಬಾ, ನಾನು ಕಾಯ್ತೀನಿ’ ಎಂದರು. ಅವರು ಕಾಯುತ್ತಾರೆಂಬುದೇ ನನಗೆ ಸಹಿಸಲಾಗದ ಮಾತಾಗಿತ್ತು. ಆದರೆ ಎತ್ತಿನ ಮಾತು ಮನಸ್ಸಿನಲ್ಲಿ ಉಳಿಯಿತು.

ಮರುದಿನವೇ ನನ್ನ ಹಳೆಯ ಶಿಷ್ಯನೊಬ್ಬನ ಬಳಿಗೆ ಹೋದೆ. ಷಟ್ಪದಿಗೆ ಪ್ರಸ್ತಾರ ಹಾಕಲು ಬಾರದೆ ನನ್ನಿಂದ ಏಟು ತಿಂದವನು. ಈಗ ಊರ ಹೊರಗೆ ಮೋಟಾರು ಸೈಕಲ್ಲುಗಳ ರಿಪೇರಿ ಅಂಗಡಿ ಇಟ್ಟಿದ್ದಾನೆ. ನನ್ನ ಕಷ್ಟ ಕೇಳಿ ಅವನು ನಗಲಿಲ್ಲ. ‘ಸಾರ್, ದೀಪಾವಳಿ ಕಳೀಲಿ. ಗಾಳಿ ಇಳೀತೈತೆ. ಆಮೇಲೆ ಭಾನುವಾರ ಭಾನುವಾರ ಬನ್ನಿ’ ಎಂದ. ಗುರುವಿನ ಗುರುವಾಗುವ ಅವಕಾಶ ಸಿಕ್ಕಿದರೂ ಅವನು ಒಮ್ಮೆಯೂ ಬೆತ್ತ ಹಿಡಿಯಲಿಲ್ಲವೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಹೇಳಬೇಕು.

ಮೊದಲ ಭಾನುವಾರ ನನ್ನನ್ನು ಖಾಲಿ ಮೈದಾನದಲ್ಲಿ ಓಡಿಸಿ ನೋಡಿ ಅವನು ಹೇಳಿದ್ದು ಒಂದೇ ಮಾತು: ‘ಸಾರ್, ನೀವು ಹ್ಯಾಂಡ್ಲು ಹಿಡಿದಿಲ್ಲ, ಹ್ಯಾಂಡ್ಲೇ ನಿಮ್ಮನ್ನ ಹಿಡ್ಕಂಡೈತೆ.’ ನನ್ನ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದುವು. ತೋಳುಗಳು ಕೊರಡಿನಂತೆ ಸೆಟೆದಿದ್ದುವು. ‘ಸೀಮೆಸುಣ್ಣ ಹಿಡಿದಂಗೆ ಹಿಡೀರಿ. ಜಾಸ್ತಿ ಅದುಮಿದ್ರೆ ಮುರೀತೈತೆ, ಸಡಿಲ ಬಿಟ್ರೆ ಬೀಳ್ತೈತೆ. ಗಾಡೀನ ಮೊಣಕಾಲಿನಾಗೆ ಹಿಡೀರಿ, ಕೈಯಾಗಲ್ಲ’ ಎಂದ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿರಲಿಲ್ಲ.

ಇದರ ಕಾರಣವನ್ನು ಮುಂದೆ ಓದಿ ತಿಳಿದುಕೊಂಡೆ. ನಿಂತ ಮೋಟಾರು ಸೈಕಲ್ಲು ಬೀಳುತ್ತದೆ, ಓಡುವುದು ಬೀಳುವುದಿಲ್ಲ. ವೇಗವಾಗಿ ತಿರುಗುವ ಚಕ್ರ ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡದು. ಅಲ್ಲದೆ, ಮುಂಚಕ್ರ ನೆಲವನ್ನು ಮುಟ್ಟುವ ಜಾಗ ಹ್ಯಾಂಡಲಿನ ಗೆರೆ ನೆಲಕ್ಕೆ ಬಂದು ಸೇರುವ ಜಾಗಕ್ಕಿಂತ ಸ್ವಲ್ಪ ಹಿಂದಿರುವಂತೆ ಗಾಡಿಯನ್ನು ಕಟ್ಟಿರುತ್ತಾರೆ. ಆದ್ದರಿಂದ ಗಾಡಿ ಯಾವ ಕಡೆಗೆ ವಾಲಿದರೆ ಮುಂಚಕ್ರ ತಾನೇ ಆ ಕಡೆಗೆ ತುಸು ತಿರುಗಿ, ಬೀಳುವುದನ್ನು ತಡೆದು, ನೆಟ್ಟಗಾಗುತ್ತದೆ. ಅಂದರೆ ಅರವತ್ತರ ವೇಗದಲ್ಲಿ ಗಾಡಿ ಹತ್ತರ ವೇಗದಲ್ಲಿರುವುದಕ್ಕಿಂತ ಹೆಚ್ಚು ಸ್ಥಿರ. ಗಾಳಿ ನೂಕಿದಾಗ ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ಯತ್ನಿಸುತ್ತದೆ. ಆಗ ಸೆಟೆದ ತೋಳುಗಳು ಹ್ಯಾಂಡಲನ್ನು ಹಿಡಿದು ನಿಲ್ಲಿಸಿದರೆ ಆ ಯತ್ನ ಕೆಡುತ್ತದೆ. ಸವಾರನ ಮೈಯ ಪ್ರತಿಯೊಂದು ಅಲುಗೂ ಹ್ಯಾಂಡಲಿಗೆ ಇಳಿಯುತ್ತದೆ. ಆ ಜುಲೈ ಬೆಳಗ್ಗೆ ನಾನು ಬೀಳದೆ ಉಳಿದದ್ದು ನನ್ನ ಹಿಡಿತದಿಂದ ಅಲ್ಲ, ಹಿಡಿತವನ್ನು ಮೀರಿ ಗಾಡಿ ಮಾಡಿದ ಉಪಕಾರದಿಂದ. ಎಂಟು ಸಾತ್ವಿಕ ಭಾವಗಳಲ್ಲಿ ಬೆವರು, ರೋಮಾಂಚ ಮುಂತಾದುವು ಸವಾರನನ್ನು ಕೊಲ್ಲುವುದಿಲ್ಲ. ಕೊಲ್ಲಬಲ್ಲದ್ದು ಮೊದಲನೆಯದಾದ ಸ್ತಂಭ.

ಎರಡನೆಯ ಪಾಠ ತಿರುಗುವುದು. ಗಾಡಿಯನ್ನು ಎಡಕ್ಕೆ ತಿರುಗಿಸಬೇಕಾದರೆ ಏನು ಮಾಡುತ್ತೀರಿ ಎಂದು ಶಿಷ್ಯ ಕೇಳಿದ. ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತೇನೆ ಎಂದೆ. ಅದು ನಡೆದಾಡುವ ವೇಗದ ಮಾತು. ವೇಗ ಹೆಚ್ಚಿದ ಮೇಲೆ ಎಡಗೈಯಿಂದ ಎಡಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಗಾಡಿ ಎಡಕ್ಕೆ ವಾಲಿ ಎಡಕ್ಕೆ ಹೊರಳುತ್ತದೆ. ಬಲಕ್ಕೂ ಹಾಗೆಯೆ. ಕೇಳಲು ವಿಚಿತ್ರ, ಆದರೆ ಸೈಕಲ್ ತುಳಿಯುವ ಪ್ರತಿಯೊಬ್ಬನೂ ತಿಳಿಯದೆ ಇದನ್ನೇ ಮಾಡುತ್ತಾನೆ. ವಿಮಾನದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿಯವರು. ಅವರಲ್ಲಿ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದರು. ನನಗೆ ಇದರಲ್ಲಿ ಆಶ್ಚರ್ಯ ತೋರಲಿಲ್ಲ. ಸಂಧಿಪ್ರಕರಣ ಓದದ ಮಗುವೂ ‘ಮನೆ ಅಲ್ಲಿ’ ಎನ್ನುವುದಿಲ್ಲ, ಯಕಾರವನ್ನು ಸೇರಿಸಿ ‘ಮನೆಯಲ್ಲಿ’ ಎಂದೇ ಹೇಳುತ್ತದೆ. ಬಲ್ಲದ್ದನ್ನು ಬಲ್ಲೆನೆಂದು ಅರಿಯುವುದೇ ವ್ಯಾಕರಣ. ಗಾಳಿ ಎಡಕ್ಕೆ ನೂಕಿದರೆ ಬಲಹಿಡಿಯನ್ನು ಇಷ್ಟೇ ಇಷ್ಟು ಒತ್ತಿದರಾಯಿತು ಎಂಬುದು ಗೊತ್ತಾದ ದಿನ ನನ್ನ ಅಂಜಿಕೆಯ ಅರ್ಧಭಾಗ ಇಳಿಯಿತು. ಅಂಜಿಕೆಯ ಬೇರು ಗಾಳಿಯಲ್ಲಿ ಇರಲಿಲ್ಲ. ಗಾಳಿ ಬಂದಾಗ ಏನು ಮಾಡಬೇಕೆಂದು ತಿಳಿಯದಿದ್ದುದರಲ್ಲಿತ್ತು.

ಮೂರನೆಯದು ಕಣ್ಣು. ಸವಾರನ ದೃಷ್ಟಿ ನೆಟ್ಟಲ್ಲಿಗೆ ಗಾಡಿ ಹೋಗುತ್ತದೆ. ಹೆದರಿದವನು ಯಾವುದಕ್ಕೆ ಹೆದರುತ್ತಾನೆಯೋ ಅದನ್ನೇ ನೋಡುತ್ತಾನೆ. ಹಳ್ಳವನ್ನು ನೋಡಿದವನು ಹಳ್ಳಕ್ಕೆ ಇಳಿಯುತ್ತಾನೆ. ಲಾರಿ ಪಕ್ಕಕ್ಕೆ ಬಂದಾಗ ಲಾರಿಯ ಚಕ್ರವನ್ನು ನೋಡಬಾರದು, ದೂರದಲ್ಲಿ ನಾವು ಹೋಗಬೇಕಾದ ದಾರಿಯನ್ನು ನೋಡಬೇಕು. ಕನ್ನಡಿಯನ್ನು ಆಗಾಗ ನೋಡುತ್ತಿದ್ದರೆ ಲಾರಿ ಹಠಾತ್ತಾಗಿ ಬರುವುದೂ ಇಲ್ಲ. ಬರುತ್ತಿದೆಯೆಂದು ಮೊದಲೇ ತಿಳಿದವನಿಗೆ ಆ ನೂಕು, ಸೆಳೆತ, ಮತ್ತೆ ನೂಕು, ಎಂಬ ಮೂರೂ ಕ್ರಮವಾಗಿ ಬಂದು ಹೋಗುವ ಪರಿಚಿತರಾಗುತ್ತವೆ.

ನಾಲ್ಕನೆಯದು ನಿಲ್ಲಿಸುವುದು. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ನಲವತ್ತರಲ್ಲಿ ಹತ್ತು ಮೀಟರಿನಲ್ಲಿ ನಿಲ್ಲುವ ಗಾಡಿ ಎಂಬತ್ತರಲ್ಲಿ ನಲವತ್ತು ಮೀಟರು ಕೇಳುತ್ತದೆ. ಕಣ್ಣು ಕಂಡು ಕೈ ಚಲಿಸುವ ಮೊದಲಿನ ಒಂದು ಸೆಕೆಂಡಿನಲ್ಲಿ ಇಪ್ಪತ್ತೆರಡು ಮೀಟರು ಆಗಲೇ ಕಳೆದಿರುತ್ತದೆ. ನಿಲ್ಲಿಸುವಾಗ ಭಾರವೆಲ್ಲ ಮುಂಚಕ್ರದ ಮೇಲೆ ಬರುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು. ಅನೇಕರು ಅದನ್ನು ಮುಟ್ಟಲೇ ಹೆದರುತ್ತಾರೆ, ನಾನೂ ಹೆದರುತ್ತಿದ್ದೆ. ಹಠಾತ್ತಾಗಿ ಹಿಸುಕದೆ, ನಿಂಬೆಹಣ್ಣು ಹಿಂಡುವಂತೆ ಕ್ರಮವಾಗಿ, ಹಿಂದಿನದನ್ನೂ ಸೇರಿಸಿ ಹಿಡಿಯುವುದನ್ನು ಆ ಮೈದಾನದಲ್ಲಿ ನಾಲ್ಕು ಭಾನುವಾರ ಅಭ್ಯಾಸ ಮಾಡಿದೆ. ಚಕ್ರ ಹಿಡಿದು ಜಾರುವುದನ್ನು ತಡೆಯುವ ಎ. ಬಿ. ಎಸ್. ಎಂಬ ಏರ್ಪಾಡು ೧೨೫ ಸಿ. ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ ೨೦೧೯ರಿಂದ ಕಡ್ಡಾಯವಾಗಿದೆ. ಅದು ಒಳ್ಳೆಯ ಸಹಾಯಕ. ಆದರೆ ಅದು ದೂರವನ್ನು ಉಂಟುಮಾಡಲಾರದು. ದೂರವನ್ನು ನಾವೇ ಇಟ್ಟುಕೊಂಡಿರಬೇಕು.

ಎಷ್ಟು ದೂರ? ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನಾವು ಅದೇ ಕಂಬವನ್ನು ತಲುಪಲು ಮೂರು ಸೆಕೆಂಡಾದರೂ ಬೇಕು. ಗಡಿಯಾರ ನೋಡುತ್ತ ಗಾಡಿ ಓಡಿಸಲು ಆಗದು. ನನಗೊಂದು ಅಳತೆ ಹೊಳೆಯಿತು. ಭಾಮಿನಿ ಷಟ್ಪದಿಯ ಒಂದು ಕಿರುಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆ. ತರಗತಿಯಲ್ಲಿ ನಾನು ನಿಧಾನವಾಗಿ ಓದುವ ಕ್ರಮದಲ್ಲಿ ಅದಕ್ಕೆ ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಲಾರಿ ಕಂಬ ದಾಟಿದೊಡನೆ ಮನಸ್ಸಿನಲ್ಲಿ ಸಾಲೊಂದನ್ನು ಮೊದಲು ಮಾಡುತ್ತೇನೆ. ಸಾಲು ಮುಗಿಯುವ ಮೊದಲೇ ಕಂಬ ಬಂದರೆ ನಾನು ತೀರ ಹತ್ತಿರದಲ್ಲಿದ್ದೇನೆಂದು ಅರ್ಥ. ಇದರಿಂದ ಇನ್ನೊಂದು ಉಪಯೋಗವೂ ಆಯಿತು: ಓದುವವನು ಉಸಿರು ಕಟ್ಟಿಕೊಂಡಿರಲಾರ. ಉಸಿರು ಸರಾಗವಾದರೆ ಭುಜ ಇಳಿಯುತ್ತದೆ, ಭುಜ ಇಳಿದರೆ ಹಿಡಿತ ಸಡಿಲವಾಗುತ್ತದೆ. ನನ್ನ ಶಿಷ್ಯನಿಗೆ ಇದನ್ನು ಹೇಳಿದೆ. ‘ಅವತ್ತೇ ಹಿಂಗ್ ಹೇಳಿಕೊಟ್ಟಿದ್ರೆ ಪ್ರಸ್ತಾರ ಕಲೀತಿದ್ದೆ ಸಾರ್’ ಎಂದ. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ಇಷ್ಟಾದ ಮೇಲೆ ಹೆದ್ದಾರಿ. ಭಾನುವಾರ ಮುಂಜಾನೆ ವಾಹನಗಳು ವಿರಳವಾಗಿದ್ದಾಗ ಅವನು ಮುಂದೆ, ನಾನು ಹಿಂದೆ. ಮೊದಲ ವಾರ ಐವತ್ತರಲ್ಲಿ ಐದು ಕಿಲೋಮೀಟರು. ಮರುವಾರ ಐವತ್ತೈದರಲ್ಲಿ ಹತ್ತು. ಮೂರನೆಯ ವಾರ ಒಂದು ಮೇಲುಸೇತುವೆಯ ಮೇಲೆ ಗಾಳಿ ತಟ್ಟಿತು. ನಾನು ಕೂಡಲೆ ವೇಗ ಇಳಿಸಿ, ಮುಂದಿನ ಕಿಂಡಿಯಲ್ಲಿ ಸರ್ವಿಸ್ ರಸ್ತೆಗೆ ಇಳಿದುಬಿಟ್ಟೆ. ಅವನು ಹಿಂದಿರುಗಿ ಬಂದು, ‘ಇಳಿದಿದ್ದು ತಪ್ಪಲ್ಲ ಸಾರ್. ಆದ್ರೆ ಇವತ್ತೇ ಇನ್ನೊಂದ್ಸಲ ಇದೇ ಸೇತುವೆ ಹತ್ತಾನ’ ಎಂದ. ಹತ್ತಿದೆವು. ಎರಡನೆಯ ಸಲ ಎದೆ ಹೊಡೆದುಕೊಂಡಿತು, ಮೂರನೆಯ ಸಲ ಸ್ವಲ್ಪ ಕಡಿಮೆ. ಅಂದು ನನಗೆ ಒಂದು ವಿಷಯ ಮನದಟ್ಟಾಯಿತು. ಹೆದರಿ ಓಡಿದ ಪ್ರತಿ ಸಲವೂ ಮನಸ್ಸಿಗೆ ಒಂದು ಸಮಾಧಾನ ದೊರೆಯುತ್ತದೆ. ಆ ಸಮಾಧಾನವೇ ಅಂಜಿಕೆಗೆ ನಾವು ಹಾಕುವ ತುತ್ತು. ಉಣಿಸಿದಷ್ಟೂ ಅದು ಬೆಳೆಯುತ್ತದೆ. ತಾಳಬಹುದಾದಷ್ಟು ಮಾತ್ರ ಎದುರಿಗೆ ಇಟ್ಟುಕೊಂಡು, ಅದು ತಾನಾಗಿ ಇಳಿಯುವವರೆಗೆ ಅಲ್ಲಿಯೇ ನಿಂತರೆ ಅದು ಸೊರಗುತ್ತದೆ. ಒಂದೇ ದಿನ ಎಂಬತ್ತಕ್ಕೆ ಏರಿಸಿ ಧೈರ್ಯ ಪರೀಕ್ಷೆ ಮಾಡಿಕೊಳ್ಳುವುದು ಮೂರ್ಖತನ; ಎಂದಿಗೂ ಏರಿಸದಿರುವುದು ಸೆರೆವಾಸ.

ಸಂಕ್ರಾಂತಿಯ ಹೊತ್ತಿಗೆ ನಾನು ಅರವತ್ತರಲ್ಲಿ, ಎಡಪಥದ ನಡುವೆ, ಶಾಲೆಗೆ ಹೋಗಿ ಬರತೊಡಗಿದೆ. ೨೦೧೮ರ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿ ಇಂತಹ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಪಥದ ವಿಭಜಿತ ರಸ್ತೆಯಲ್ಲಿ ಮೋಟಾರು ಸೈಕಲ್ಲಿಗೆ ಎಂಬತ್ತು ಕಿಲೋಮೀಟರಿನ ಮಿತಿ ಹೇಳಿದೆ. ಮಿತಿಯೆಂದರೆ ಮೀರಬಾರದ ಗೆರೆ, ಮುಟ್ಟಲೇಬೇಕಾದ ಗುರಿಯಲ್ಲ. ಅಗತ್ಯವಾದಾಗ ಎಪ್ಪತ್ತಕ್ಕೆ ಏರಿಸಬಲ್ಲೆ. ಏರಿಸಿದಾಗ ಕೈ ನಡುಗುವುದಿಲ್ಲ. ನನಗೆ ಅಷ್ಟು ಸಾಕು. ಹೊರಡುವ ಮುನ್ನ ಟೈರಿನ ಗಾಳಿ, ಚೈನಿನ ಸಡಿಲ, ಬ್ರೇಕು, ಕನ್ನಡಿ ನೋಡುತ್ತೇನೆ. ಐ. ಎಸ್. ಐ. ಗುರುತಿನ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯುತ್ತೇನೆ, ಬಿಗಿಯಾಗಿರಬೇಕಾದದ್ದು ಅದೊಂದೇ. ಗಾಳಿಗೆ ಬಡಿದಾಡುವ ಅಂಗಿಯ ಮೇಲೆ ಮೈಗೊಪ್ಪುವ ಜಾಕೀಟು ತೊಡುತ್ತೇನೆ. ಕತ್ತಲಾದ ಮೇಲೆ, ದೀಪವಿಲ್ಲದೆ ನಿಂತ ಲಾರಿಗಳ ಆ ರಸ್ತೆಗೆ ಇಳಿಯುವುದಿಲ್ಲ. ಮಳೆ ಬಲವಾದ ದಿನ ಬಸ್ಸಿಗೆ ಹೋಗುತ್ತೇನೆ, ಅದರಲ್ಲಿ ನಾಚಿಕೆಯಿಲ್ಲ. ೨೦೨೪ರ ಆಷಾಢದಲ್ಲಿ ಅದೇ ಜಾಗದಲ್ಲಿ, ಅಂತಹದೇ ಕಂಟೇನರ್ ಲಾರಿ ನನ್ನನ್ನು ದಾಟಿತು. ಕನ್ನಡಿಯಲ್ಲಿ ಕಂಡಿದ್ದೆ. ನೂಕಿತು, ಸೆಳೆಯಿತು, ನೂಕಿತು. ಗಾಡಿ ತಲೆದೂಗಿ ಸುಮ್ಮನಾಯಿತು. ಆ ಮೈಲಿಗಲ್ಲನ್ನು ನೋಡಲು ಮರೆತೆನೆಂಬುದು ಶಾಲೆ ಸೇರಿದ ಮೇಲೆ ನೆನಪಾಯಿತು.

ಇನ್ನೊಂದು ಮಾತು ಹೇಳದಿದ್ದರೆ ಮೇಷ್ಟರ ಧರ್ಮಕ್ಕೆ ಕುಂದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ ೨೦೨೨ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ನೂರಕ್ಕೆ ೪೪ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಆದ್ದರಿಂದ ಅಂಜಿಕೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ನನ್ನ ಶಾಲೆಯ ಹುಡುಗರಲ್ಲಿ ಕೆಲವರು ಅಣ್ಣನ ಗಾಡಿಯನ್ನು ತಂದು, ಮೂವರು ಕುಳಿತು, ಬರಿತಲೆಯಲ್ಲಿ ಹೆದ್ದಾರಿಗೆ ಇಳಿಯುವುದನ್ನು ಕಂಡಿದ್ದೇನೆ. ಅವರಿಗೆ ಅಂಜಿಕೆಯೇ ಇಲ್ಲ. ಅಪ್ರಾಪ್ತ ವಯಸ್ಕನ ಕೈಗೆ ಗಾಡಿ ಕೊಟ್ಟ ತಂದೆತಾಯಿಗೆ ೨೫,೦೦೦ ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆಯೂ ಇದೆಯೆಂದು ೨೦೧೯ರ ತಿದ್ದುಪಡಿ ಹೇಳುತ್ತದೆ. ಆದರೆ ಕಾನೂನಿನ ಭಯಕ್ಕಿಂತ ತಿಳಿವಳಿಕೆಯ ಭಯ ಮೇಲು. ನನ್ನ ಕಥೆಯನ್ನು ಅವರಿಗೆ ಹೇಳಿದೆ. ಜ್ವರವೆಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಮೇಷ್ಟರೂ ಹೆದರುತ್ತಾರೆಂದು ಕೇಳಿ ಅವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

‘ಅಂಜಿಕೆ’, ‘ಎಚ್ಚರಿಕೆ’ ಎರಡಕ್ಕೂ ಕೊನೆಯಲ್ಲಿ ಸೇರಿರುವ ಪ್ರತ್ಯಯ ‘ಇಕೆ’ ಒಂದೇ. ಧಾತು ಮಾತ್ರ ಬೇರೆ. ಅಂಜಿಕೆ ಕೈಯನ್ನು ಬಿಗಿಯುತ್ತದೆ, ಎಚ್ಚರಿಕೆ ಕಣ್ಣನ್ನು ತೆರೆಯುತ್ತದೆ. ನಾನು ಮಾಡಿದ್ದು ಅಂಜಿಕೆಯನ್ನು ಕಿತ್ತೆಸೆಯುವ ಸಾಹಸವಲ್ಲ. ಅದರ ಧಾತುವನ್ನು ಬದಲಿಸುವ ಕೆಲಸ. ಅದಕ್ಕೆ ಬೇಕಾದುವು ಒಬ್ಬ ತಿಳಿದವನ ಜೊತೆ, ಕೆಲವು ಭಾನುವಾರಗಳು, ಮತ್ತು ಹೆದರಿದ್ದೇನೆಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ.

ಮನೆಯವರು ಬಾಣಂತನ ಮುಗಿಸಿ ಬಂದು ಬಹಳ ದಿನಗಳಾದುವು. ಆದರೂ ಸಂಜೆಯ ಸೂಜಿಮದ್ದನ್ನು ತಾಯಿಗೆ ನಾನೇ ಹಾಕುತ್ತೇನೆ. ಐದೂವರೆಗೆ ಗಾಡಿ ಬಾಗಿಲಿಗೆ ಬರುತ್ತದೆ. ತಾಯಿ ನನ್ನ ಮುಖ ನೋಡುವುದಿಲ್ಲ, ಅವರಿಗೆ ಅಷ್ಟಾಗಿ ಕಾಣುವುದೂ ಇಲ್ಲ. ನನ್ನ ಅಂಗೈಯನ್ನು ಹಿಡಿದು ಒಮ್ಮೆ ಮುಟ್ಟಿ ನೋಡುತ್ತಾರೆ. ಬೆವರಿಲ್ಲದಿದ್ದರೆ, ‘ಸರಿ, ಕೈಕಾಲು ತೊಳ್ಕ’ ಎನ್ನುತ್ತಾರೆ.